ಹದಿನೇಳನೇ ಸಮೀಕರಣ

ಹದಿನೇಳನೆಯದರ ಪಕ್ಕ ಕ್ರಾಸ್ತಾ ಮೇಡಂ
ಕೆಂಪು ಶಾಯಿಯಲ್ಲಿ ಬರೆದದ್ದು ಎರಡೇ ಶಬ್ದ:
ಆಧಾರ ಎಲ್ಲಿ?

ಒದ್ದೆ ನೈಲಾನ್ ಹಗ್ಗ ಎಷ್ಟೆಳೆದರೆ ಎಷ್ಟು ಉದ್ದವಾಗುತ್ತದೆ,
ಬಿಟ್ಟರೆ ಎಷ್ಟು ಹಿಂದೆ ಬರುತ್ತದೆ, ಎಷ್ಟು ಬರುವುದಿಲ್ಲ.
ಅಷ್ಟೇ ಅದು. ಅರ್ಧ ಸಾಲು.
ನನಗೆ ಮಗ್ಗಿಯ ಹಾಗೆ ಬಾಯಿಪಾಠ.
ಮಗ್ಗಿಗೆ ಯಾರು ಕೇಳುತ್ತಾರೆ ಆಧಾರ?

ಸುರತ್ಕಲ್ಲಿನ ಲೈಬ್ರರಿ. ಉಪ್ಪುಗಾಳಿಗೆ
ಕಪಾಟಿನ ಬಿಜಾಗರಿಗೂ ಗಂಟುನೋವು.
ಮೊದಲ ಪುಸ್ತಕ: ಇದು ಎಲ್ಲರಿಗೂ ತಿಳಿದದ್ದೇ.
ಎರಡನೆಯದು ಮೊದಲನೆಯದರ ಕಡೆ ಕೈ ತೋರಿಸಿತು,
ಮೂರನೆಯದು ಎರಡನೆಯದರ ಕಡೆ.
ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಕೇಳಿದ ಹಾಗೆ,
ಎಲ್ಲರೂ ‘ಅಗೋ ಅಲ್ಲಿ’ ಅನ್ನುವವರೇ,
ಹತ್ತಿ ಹೋದವರು ಯಾರೂ ಇಲ್ಲ.

ನಾನು ಕಲಿತದ್ದು ಡಿಪ್ಲೊಮಾದ ಎರಡನೇ ವರ್ಷ.
ಉಪೇಂದ್ರ ಬಾಳಿಗಾ ಸರ್ ಬಂದರಿನಿಂದ
ಒಂದು ಮಾರು ಹಗ್ಗ ತಂದಿದ್ದರು, ಬಕೆಟಿನಲ್ಲಿ ನೆನೆಸಿ.
ಕ್ಲಾಸಿಡೀ ಬಂಗುಡೆ ವಾಸನೆ.
‘ಬರ್ಕೊಳ್ಳಿ ಮಾರಾಯ್ರೆ,
ಇದು ಪರೀಕ್ಷೆಗೆ ಬರುದಿಲ್ಲ, ಹೊಟ್ಟೆಪಾಡಿಗೆ ಬರ್ತದೆ.’
ಸರ್ ಈಗ ಇಲ್ಲ.
ಹಲಗೆಯನ್ನು ಡಸ್ಟರು ಅವತ್ತೇ ಒರೆಸಿತ್ತು.

ಹನ್ನೊಂದನೇ ದಿನ, ನೆಲಮಾಳಿಗೆ,
ಯಾವುದೋ ಹಳೇ ಸಮ್ಮೇಳನದ ನಡಾವಳಿ,
ಪುಟ ಇನ್ನೂರ ಹದಿನಾಲ್ಕು.
ಹುಳ ತಿಂದ ತೂತುಗಳ ನಡುವೆ ಅದೇ ಅರ್ಧ ಸಾಲು!
ಕೂಗಿಬಿಟ್ಟೆ. ಅಟೆಂಡರ್ ಸಂಜೀವಣ್ಣ
ಹಾವೆಂದುಕೊಂಡು ಕೋಲು ಹಿಡಿದು ಬಂದರು.

ಕೂತು ಮತ್ತೆ ಓದಿದೆ.
ಕೊನೆಯ ಆ ಪುಟ್ಟ ಗುಣಕ, ಸೊನ್ನೆ ಬಿಂದು ಎಂಟು ಏಳು, ಅಲ್ಲಿಲ್ಲ.
ಅದು ಒಣ ಹಗ್ಗದ ಲೆಕ್ಕ.
ಒದ್ದೆ ಮಾಡಿದ್ದು ಬಾಳಿಗಾ ಸರ್,
ಯಾವ ಸಂಜೆ, ಯಾವ ತಕ್ಕಡಿ, ಎಷ್ಟು ಸಲ,
ಯಾರಿಗೂ ಹೇಳದೆ.

ಮೂರು ವಾರ ಧಕ್ಕೆಯಲ್ಲಿ ತೂಕದ ಕಲ್ಲು ನೇತುಹಾಕಿದೆ.
ಬಲೆ ಹೊಲಿಯುವ ಸಂಕಪ್ಪ ಸಾಲ್ಯಾನರು ನೋಡಿ ನಕ್ಕರು:
‘ನೀರು ಕುಡಿದ ಬಲ್ಲು ಸ್ವಲ್ಪ ಮೆತ್ತಗಾಗ್ತದೆ ಮಗಾ,
ಅದಕ್ಕೆ ಇಷ್ಟು ಓದ್ಬೇಕಾ?’
ನನಗೆ ಬಂದದ್ದು ಎಂಟು ಆರು.
ಸಾಕು.

ಸ್ಥಿತಿಸ್ಥಾಪಕತ್ವ: ಬಾಯಿ ತುಂಬಿ
ಹಲ್ಲಿನ ಸಂದಿಗೂ ಸಿಕ್ಕುವ ಪದ.
ಎಳೆದದ್ದು ಪೂರ್ತಿ ಮರಳಿ ಬಂದರೆ ಮಾತ್ರ ಅದು ಸಲ್ಲುತ್ತದಂತೆ.
ಹಗ್ಗ ಪ್ರತಿಸಲವೂ ಒಂದು ಕೂದಲೆಳೆಯಷ್ಟು
ಹೋದಲ್ಲೇ ಉಳಿಯಿತು.

ಆಕರಪಟ್ಟಿಯಲ್ಲಿ ನಡಾವಳಿಯ ಕೆಳಗೆ ಸೇರಿಸಿದೆ:
ಬಾಳಿಗಾ ಯು., ಕಪ್ಪುಹಲಗೆ, ಉಡುಪಿ.
ಮೇಡಂ ಕೆಂಪು ಪೆನ್ನಿನ ಮುಚ್ಚಳ ತೆಗೆದರು,
ತುಂಬ ಹೊತ್ತು ಬರೆಯಲಿಲ್ಲ.
ಆಮೇಲೆ ಕೇಳಿದರು: ಪುಟ?

ಎಡಮೂಲೆ ಮೇಡಂ, ಕಿಟಕಿಯ ಪಕ್ಕ.
ಬಿಸಿಲು ಬಿದ್ದು ಹಿಂದಿನ ಬೆಂಚಿಗೆ ಕಾಣುತ್ತಿರಲಿಲ್ಲ,
ನಾನು ಎದ್ದು ಹೋಗಿ ಬರೆದುಕೊಂಡಿದ್ದೆ.