ಕೈಗವಸಿನ ಲೆಕ್ಕ

ಡಾಕ್ಟರ್ ಇಲ್ಗ್‌ವಾರ್ಸ್ ಒಳಗೆ ನೀರು ಬಿಡುತ್ತಿದ್ದಾನೆ,
ಹನಿ ಹನಿ ಎಣಿಸಿ.
ಪರದೆಯ ಮೇಲೆ ನನ್ನದೇ ಮೂತ್ರಕೋಶದ ಗೋಡೆ,
ಎಪ್ಪತ್ತು ತುಂಬಿದ ಮೇಲೆ ಮೊದಲ ಭೇಟಿ:
ಸಾಲ್ಮನ್ ಮೀನಿನ ತಿರುಳಿನ ಬಣ್ಣ,
ಮೈತುಂಬ ಕೆಂಪು ನೂಲಿನ ಸುರುಳಿ.

ಲೇಸರಿನ ಒಂದು ಚುಕ್ಕಿ ಅಲ್ಲಿ ಕೂತು
ಹರಿಯುವ ರಕ್ತವನ್ನು ಗೆರೆಯಾಗಿ ಬರೆಯುತ್ತದೆ.
"ನೂರು ಮಿಲಿ," ಎಂದ. ಗೆರೆ ಅಲುಗಲಿಲ್ಲ.
"ಇನ್ನೂರು." ಗೋಡೆ ಹಿಗ್ಗಿತು, ಗೆರೆ ಇದ್ದಂತೆಯೇ ಇತ್ತು.
ಅದು ಹೇಗಪ್ಪಾ, ಎಳೆದಾಗ ನಾಳ ಸಣಕಲಾಗಬೇಡವೇ?

ಅವನು ಬಾಯಿ ತೆರೆಯುವ ಮೊದಲೇ ಹೊಳೆಯಿತು.
ಕೈಗವಸು!
ಕುಣಿಕೆ ಕುಣಿಕೆಯಾಗಿ ಹೆಣೆದದ್ದು ಎಂಥ ಮುಷ್ಟಿಗೂ ಹಿಗ್ಗುತ್ತದೆ,
ನೂಲು ಕೂದಲೆಳೆಯಷ್ಟೂ ಉದ್ದವಾಗುವುದಿಲ್ಲ.
ಎಳೆದರೆ ನೂಲು ಹರಿಯುತ್ತದೆ,
ಎಳೆಯದಿದ್ದರೆ ರಕ್ತ ಹರಿಯುತ್ತದೆ.

"ಅದೇ ಅಜ್ಜಿ," ಎಂದ. "ಜೊತೆಗೆ ನಾಳದ ಒಳಪದರ
ಒಂದು ಅನಿಲ ಉಸಿರಿ ಸಡಿಲು, ಸಡಿಲು ಅನ್ನುತ್ತದೆ.
ನರ ಬಿಗಿ ಅನ್ನುತ್ತದೆ.
ಈ ಜಗಳ ಮುಗಿಯುವುದಿಲ್ಲ, ಮುಗಿಯಲೂಬಾರದು."
ನನಗೇನು ಹೊಸದೇ?
ವೋಲ್ದೆಮಾರ್ಸ್ ಒಲೆಗೆ ಕಟ್ಟಿಗೆ ತುರುಕುವುದು,
ನಾನು ಕಿಟಕಿ ತೆರೆಯುವುದು.
ನಲವತ್ತು ವರ್ಷ ಮನೆ ಹದವಾಗಿತ್ತು.

"ನಾನೂರು."
ಕುಣಿಕೆಗಳೆಲ್ಲ ಬಿಚ್ಚಿಕೊಂಡು ನೂಲು ತಂತಿಯಾಯಿತು.
ಗೋಡೆ ಬಿಳಚಿತು. ಗೆರೆ ಇಳಿಯಿತು.

ಮೂವತ್ತೊಂದು ಚಳಿಗಾಲ, ರೀಗಾದ ಹನ್ನೊಂದನೇ ಟ್ರಾಮು.
ಕೊನೆ ನಿಲ್ದಾಣದ ಶೌಚಾಲಯಕ್ಕೆ ಬೀಗ,
ಬೀಗದ ಕೈ ಯಾವನ ಜೇಬಿನಲ್ಲೋ.
ಕಾಲಿಗೆ ಕಾಲು ಒತ್ತಿ ಗಂಟೆ ಬಾರಿಸಿ ಹೊರಟೆ.
ಹೊತ್ತು ತಪ್ಪಿಸದವಳೆಂದು ಪದಕ ಕೊಟ್ಟರು.
ಅಷ್ಟೂ ಹೊತ್ತು ಒಳಗೊಬ್ಬಳು ಉಸಿರು ಕಟ್ಟಿ ನಿಂತಿದ್ದಳು,
ಅವಳಿಗೆ ಯಾವ ಪದಕವೂ ಇಲ್ಲ.

ಈಗ ನೀರು ಹೊರಕ್ಕೆ.
ಗೆರೆ ಏಳುತ್ತದೆ, ಮೊದಲಿದ್ದಲ್ಲಿ ನಿಲ್ಲದೆ ಮೇಲಕ್ಕೆ, ಇನ್ನೂ ಮೇಲಕ್ಕೆ.
ಗೋಡೆ ಕೆಂಪೇರುತ್ತದೆ, ಬೈಸಿಕೊಂಡ ಕೂಸಿನ ಕೆನ್ನೆಯ ಹಾಗೆ.
ಇದು ಸಾಲ ತೀರಿಸುವ ರಕ್ತವಂತೆ.
ದಿನಾ ಹೀಗೆ ಬತ್ತಿ, ದಿನಾ ಹೀಗೆ ಧುಮ್ಮಿಕ್ಕಿದರೆ
ಧುಮ್ಮಿಕ್ಕಿದ್ದೂ ಗಾಯವೇ ಅಂತೆ.

ಬಟ್ಟೆ ಹಾಕಿಕೊಂಡು ಬೀದಿಗೆ ಬಂದೆ. ಹಿಮ.
ಹನ್ನೊಂದು ನಿಂತಿತ್ತು. ಓಡಿಸುವವಳು ಎಳೆಯ ಹುಡುಗಿ,
ಮೊಣಕಾಲಿಗೆ ಮೊಣಕಾಲು ಒತ್ತಿ
ಗಡಿಯಾರ ನೋಡುತ್ತಿದ್ದಳು.
ಕೈಗವಸು ಕಳಚಿ ಗಾಜು ತಟ್ಟಿದೆ.
ಹೋಗಿ ಬಾರೇ ಮಗಳೇ, ಎಂದೆ.
ಟ್ರಾಮಿನ ಮುಂದೆ ನಾನು ನಿಂತಿರುತ್ತೇನೆ,
ಗೊಣಗುವವರು ನನ್ನ ಹತ್ತಿರ ಬರಲಿ.