ತೊಂಬತ್ತೇಳೂವರೆ

ನಾಲ್ಕು ಸುತ್ತು, ಆರೂವರೆ ನಿಮಿಷ.
ಪೊಲೀಸ್ ಆಗಬೇಕಾದರೆ ಅಷ್ಟೇ ಲೆಕ್ಕ.
ಭಾಗಿಸಿದರೆ ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು.
ಬೋರೇಶ ಮೊದಲನೆಯದನ್ನು ಎಪ್ಪತ್ತೆಂಟರಲ್ಲಿ ಮುಗಿಸಿ
ನಾಲ್ಕನೆಯದರಲ್ಲಿ ಸೊಂಟ ಹಿಡಿದು
ಮಂಡ್ಯದ ಕ್ರೀಡಾಂಗಣದ ಬೇಲಿಗೆ ಒರಗುತ್ತಾನೆ,
ಹಗ್ಗ ಕಿತ್ತ ಹೋರಿ ಊರೆಲ್ಲ ಸುತ್ತಿ ಬಂದ ಹಾಗೆ.

ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ನನಗೆ ಸಿಕ್ಕಿದ್ದು:
ಕೆಟ್ಟ ಬ್ಯಾಟರಿ ಸ್ಕೂಟರಿನ ಮೋಟರು,
ಸುಣ್ಣದ ಗೆರೆ ಕಾಣಲು ಎರಡು ಪುಟ್ಟ ಕಣ್ಣು.
ಚಕ್ರ ನನ್ನ ಮಗಳದು, ಅವಳಿಗೆ ಗಿಡ್ಡವಾದ ಸೈಕಲ್ಲಿನದು.
ಇನ್ನೂರೈವತ್ತು ಸಲ ಉರುಳಿದರೆ ಒಂದು ಸುತ್ತು.
ಇಷ್ಟು ಸುಲಭ.

ಸುಲಭವಲ್ಲದ್ದು: ಇದು ಎಲ್ಲಿ ಓಡಬೇಕು?
ಮುಂದೆ ಬಿಟ್ಟೆ, ಹಿಡಿಯಲು ಹೋದ.
ಹಿಂದೆ ಬಿಟ್ಟೆ, ನಾಯಿ ಅಟ್ಟಿಸಿಕೊಂಡು ಬಂದವನ ಹಾಗೆ ಕಿತ್ತ.
ಪಕ್ಕಕ್ಕೆ ತಂದೆ, ಒಂದು ಗೇಣು ಹಿಂದಕ್ಕೆ,
ಕಣ್ಣಂಚಿಗೆ ಕಂಡೂ ಕಾಣದಷ್ಟು.
ಆಗ ಅದರ ಜತೆ ಮಾತಿಗೆ ತೊಡಗಿದ:
"ನೆನ್ನೆ... ನಾಲೇಲಿ... ಎಂಥಾ ಮೀನು ಗೊತ್ತಾ..."
ಮಾತಿಗೆ ಉಸಿರು ಉಳಿದಿದೆ ಎಂದು ಬರೆದುಕೊಂಡೆ.

ಕಾರ್ಖಾನೆ ಕಬ್ಬು ನುರಿಯುವ ದಿನಗಳಲ್ಲಿ
ಕರೀ ಬೂದಿ ಬಂದು ಗೆರೆಯ ಮೇಲೆ ಕೂರುತ್ತದೆ.
ಯಂತ್ರ ತಬ್ಬಿಬ್ಬಾಗಿ ಲಾಂಗ್‌ಜಂಪಿನ ಮರಳಿಗೆ ನುಗ್ಗಿ ಮೂಗು ಹೂತಿತು.
ಸಿದ್ದಪ್ಪಾಜಿ ಮೇಷ್ಟ್ರು ನಕ್ಕ ರಭಸಕ್ಕೆ ಬಾಯಲ್ಲಿದ್ದ ಸೀಟಿ ಬಿತ್ತು.
ಮಾರನೆಯ ದಿನ, ಇನ್ನೂ ಮಬ್ಬು,
ಬೋರೇಶನ ತಂಗಿ ಪೊರಕೆ ಹಿಡಿದು ಗೆರೆ ಗುಡಿಸುತ್ತಿದ್ದಳು,
ನಾನೂರು ಮೀಟರೂ.

ಗುರುವಾರ.
ತೊಂಬತ್ತೇಳು. ತೊಂಬತ್ತೆಂಟು. ತೊಂಬತ್ತೇಳು.
ಕೊನೆಯ ಸುತ್ತಿನ ತಿರುವಿನಲ್ಲಿ ಮೋಟರಿನ ದನಿ ಇಳಿಯಿತು.
ಬ್ಯಾಟರಿ.
ಇವನೂ ಇಳಿಯುತ್ತಾನೆ ಎಂದುಕೊಂಡೆ,
ಇಷ್ಟು ದಿನ ಕಲಿಸಿದ್ದೇ ಅದಲ್ಲವೇ,
ಪಕ್ಕದವನು ಹೇಗೋ ಹಾಗೆ.
ಒಂದು ಸಲ ತಿರುಗಿ ನೋಡಿದ.
"ಬಾರ್ಲಾ ಹೈದ," ಅಂದ,
ಹೆಜ್ಜೆ ಮಾತ್ರ ಇದ್ದ ಹಾಗೇ ಇತ್ತು.

ತೊಂಬತ್ತೇಳು. ಒಂದು ಸೆಕೆಂಡು ಮಿಕ್ಕಿತು.

ಯಂತ್ರ ನೂರ ಹನ್ನೊಂದಕ್ಕೆ ಬಂತು,
ತೆವಳುತ್ತ, ಗೆರೆ ಮಾತ್ರ ಬಿಡದೆ. ಎಲ್ಲರೂ ಕಾದೆವು.
ನೋಟ್‌ಬುಕ್ಕಿನಲ್ಲಿ ಬರೆದೆ: ಬ್ಯಾಟರಿ ಬದಲಿಸುವುದು.
ಬರೆದು, ಮುಂದೆ ಒಂದು ಪ್ರಶ್ನೆಯ ಗುರುತು ಹಾಕಿದೆ.

ಅವನು ಅಷ್ಟರಲ್ಲಿ ಒದ್ದೆ ಟವೆಲಿನಿಂದ
ಅದರ ಚಕ್ರದ ಸುಣ್ಣ ಒರೆಸುತ್ತಿದ್ದ.
"ನಾಳೀಕೆ ಇದ್ಕೂ ರಜ ಕೊಡಿ ಮೇಡಂ,
ಕಾಲು ನೋಯ್ತಾ ಅದೇನೋ."