ಒತ್ತು ಕಡಿಮೆ ಬಿದ್ದ ತಿಂಗಳು

ಬಂದರಿನ ಒಣಮೀನಿನ ಗೋಡೌನು ದಾಟಿ ಎಡಕ್ಕೆ ತಿರುಗಿದರೆ
ನಮ್ಮ ಅಚ್ಚುಕೂಟ. ಈಗ ಅಲ್ಲಿ ಮೊಬೈಲು ರಿಪೇರಿ.
ಹದಿನೆಂಟು ವರ್ಷ ನಾನಲ್ಲಿ ಮೊಳೆ ಜೋಡಿಸಿದೆ,
ಕನ್ನಡವನ್ನು ಕನ್ನಡಿಯೊಳಗಿಂದ ಓದಿದೆ,
ಬೆನ್ನು ತಿರುಗಿಸಿ ನಿಂತ ಅಕ್ಷರ.

ಕೆದಿಲಾಯರ ಅಂಕಣ ಪ್ರತಿ ತಿಂಗಳ ಇಪ್ಪತ್ತಕ್ಕೆ.
ಕಾದಂಬರಿಕಾರರು; ವಿಮರ್ಶೆಯೂ ಉಂಟು.
ಆ ವರ್ಷ ಅವರಿಗೆ ಇಂಗ್ಲೆಂಡಿನ ಲೇಖಕಿಯರ ಹುಚ್ಚು:
ಯುದ್ಧದ ಕಪ್ಪು ಪರದೆಯ ಹಿಂದೆ ಚಹಾ ಕಾಯಿಸುತ್ತ ಬರೆದವರು,
ಬಾಡಿಗೆ ಕೋಣೆಯ ಗ್ಯಾಸಿಗೆ ಚಿಲ್ಲರೆ ಹಾಕುತ್ತ ಬರೆದವರು,
ಮದುವೆಯಾಗದೆ, ಆಗಿ, ಬಿಟ್ಟು, ಬರೆದವರು.
ಹಂಪನಕಟ್ಟೆಯ ಹಳೆ ಪುಸ್ತಕದಂಗಡಿಗೆ
ಯಾವುದೋ ಹಡಗಿನಿಂದ ಇಳಿದ ಪೆಟ್ಟಿಗೆ,
ಅಷ್ಟನ್ನೂ ಅವರೇ ಕೊಂಡಿದ್ದರು, ತೂಕಕ್ಕೆ.

ಅವರ ಬರಹ ಇರುವೆಸಾಲು. ಅದರಲ್ಲಿ ಮತ್ತೆ ಮತ್ತೆ ಒಂದೇ ಇರುವೆ:
ಸ್ತ್ರೀಸಹಜ ಸೂಕ್ಷ್ಮತೆ. ಸ್ತ್ರೀಸಹಜ ಸಂಯಮ.
ಸ್ತ್ರೀಲೋಕದ ಸಣ್ಣ ಕಿಟಕಿ.
ಒಬ್ಬಳದ್ದು ಮಾತ್ರ, ಸ್ತ್ರೀಗೆ ಒಪ್ಪದ ಸಿಟ್ಟು.

ಸಿ, ಅದರಡಿಗೆ ತ-ರ ಕೂಡಿ ಎರಕ ಹೊಯ್ದ ಒತ್ತು, ಪಕ್ಕಕ್ಕೆ ದೀರ್ಘ.
ಮೂರು ಮೊಳೆ.
ಪುರುಷನಿಗೂ ಮೂರೇ.
ಆದರೆ ಅವನಿಗೆ ಒತ್ತಿಲ್ಲ.

ಅಕ್ಟೋಬರಿನಲ್ಲಿ ಒತ್ತು ಮುಗಿಯಿತು.
ಅದೇ ಒತ್ತು ಶಾಸ್ತ್ರಕ್ಕೂ ಬೇಕು, ವಸ್ತ್ರಕ್ಕೂ ಬೇಕು;
ವಸ್ತ್ರಭಂಡಾರದ ದೀಪಾವಳಿ ಹ್ಯಾಂಡ್‌ಬಿಲ್ಲು ಮೊದಲೇ ನುಂಗಿತ್ತು.
ಖಾನೆಯ ತಳ ಕೆರೆದೆ. ನಾಲ್ಕು ಸಿಕ್ಕಿದವು.
ಲೇಖನದಲ್ಲಿ ಹದಿನೇಳು.

ಪ್ರೂಫು ನೋಡಲು ಬಂದವರಿಗೆ ಹೇಳಿದೆ:
'ಸ್ತ್ರೀ ಕಡಿಮೆ ಬಿದ್ದಿದೆ, ಸಾರ್.'
'ಎಂತ?'
'ಹದಿಮೂರು ಕಡೆ ತೆಗೀಬೇಕು. ಇಲ್ಲದಿದ್ದರೆ
ಮದ್ರಾಸಿಂದ ಎರಕ ಬರುವವರೆಗೆ ಕಾಯಬೇಕು.'
ನಕ್ಕರು. ಸ್ಟೂಲಿನ ಮೇಲೆ ಕೂತು ಪೆನ್ಸಿಲಿನಲ್ಲಿ
ಒಂದೊಂದೇ ಹೊಡೆದರು. ಏಳನೆಯದಕ್ಕೆ ನಗು ನಿಂತಿತು.
'ಸೂಕ್ಷ್ಮತೆ,' ಎಂದು ಓದಿದರು. ಬರೀ ಸೂಕ್ಷ್ಮತೆ.
'ಸಂಯಮ.'
ವಾಕ್ಯ ಬೀಳಲಿಲ್ಲ. ಊರುಗೋಲು ಕಿತ್ತುಕೊಂಡ ಮೇಲೆ
ಕಾಲು ಕುಂಟೇ ಆಗಿರಲಿಲ್ಲ ಎಂದು ಗೊತ್ತಾದ ಹಾಗೆ.

ಸಿಟ್ಟಿನ ಸಾಲಿನಲ್ಲಿ ತುಂಬ ಹೊತ್ತು ಕೂತರು.
'ಒಪ್ಪದ ಸಿಟ್ಟು. ಯಾರಿಗೆ ಒಪ್ಪದ್ದು, ಬಾಯಮ್ಮ?'
ನಾನು ಮೊಳೆ ಒರೆಸುತ್ತಿದ್ದೆ. ಸೀಮೆಎಣ್ಣೆಯ ಕೈ.
ಮಾಲಕರು ಸಂಬಳ ಮೂರು ವಾರ ತಡಮಾಡಿದ್ದ ತಿಂಗಳು.
'ನಂಗೆ ಒಪ್ತದೆ,' ಎಂದೆ.

ಮುಂದಿನ ಸಲ ಹಸ್ತಪ್ರತಿಯ ಜತೆ ಒಂದು ಪುಸ್ತಕ ಕೊಟ್ಟರು.
ಕಾನ್ವೆಂಟಿನ ಎಂಟನೇ ಕ್ಲಾಸಿನ ಇಂಗ್ಲಿಷಿನಲ್ಲಿ,
ಕುಲಶೇಖರದ ಬಸ್ಸಿನಲ್ಲಿ, ಮೂರು ತಿಂಗಳು ಓದಿದೆ.
ಒಬ್ಬಳು ಮೊಟ್ಟೆ ಬೇಯಲು ಇಟ್ಟು ಗಂಡನ ಕಾಗದ ಒಡೆಯುತ್ತಾಳೆ.
ಮೊಟ್ಟೆ ಕಲ್ಲಾಗುತ್ತದೆ.
'ಹೇಗುಂಟು?' ಕೇಳಿದರು.
'ಅವಳು ಅಳುವುದಿಲ್ಲ, ಸಾರ್. ಉಪ್ಪು ಹಾಕಿ ತಿಂತಾಳೆ.'
ಬರೆದುಕೊಂಡರು. ಅಂಕಣದಲ್ಲಿ ಬಂತು:
'ಒಬ್ಬ ಓದುಗರು ಹೇಳಿದಂತೆ.'
ಓದುಗರು. ನಾನೇ ಜೋಡಿಸಿದೆ.
ನಾಲ್ಕು ಮೊಳೆ, ಒತ್ತಿಲ್ಲ.

ಅವರ ಮೊದಲ ಮೂರು ಕಾದಂಬರಿಗಳಲ್ಲಿ
ಮೂರು ಬಾವಿ, ಮೂವರು ಹೆಂಗಸರು.
ಆ ಪುಟ ಬಂದಾಗಲೆಲ್ಲ ನನ್ನ ಬೆರಳು ತಣ್ಣಗಾಗುತ್ತಿತ್ತು.
ನಾಲ್ಕನೆಯದರಲ್ಲಿ ಅವಳು ಬಾವಿಗೆ ಬಗ್ಗುತ್ತಾಳೆ,
ನೀರು ಸೇದುತ್ತಾಳೆ,
ಒಳಗೆ ಹೋಗುತ್ತಾಳೆ.
ಸಪ್ಪೆ ಎಂದರು ಉಳಿದ ವಿಮರ್ಶಕರು.

ಈಗ ಸಮಗ್ರ ಸಂಪುಟ ಬಂದಿದೆ.
ಸಂಪಾದಕರು ಹಸ್ತಪ್ರತಿಗೆ ನಿಷ್ಠರು; ಅಟ್ಟ ಹತ್ತಿ ಹುಡುಕಿದ್ದಾರಂತೆ.
ಟೌನ್‌ಹಾಲಿನ ಹಿಂದಿನ ಸಾಲಿನಲ್ಲಿ ಕೂತು, ಕನ್ನಡಕ ಒರೆಸಿ, ತೆರೆದೆ.
ಹದಿನೇಳೂ ವಾಪಸು ಬಂದಿವೆ.
ಕಂಪ್ಯೂಟರಿನಲ್ಲಿ ಒತ್ತಿಗೆ ಬರವಿಲ್ಲ.

ಚೀಲದಲ್ಲಿ ಪೆನ್ಸಿಲಿತ್ತು.
ಏಳನೆಯದಕ್ಕೆ ಬಂದಿದ್ದೆ,
ಯಾರೋ ಚಹಾ ಹಿಡಿದು ನಿಂತರು.